ಎದಿ ಫೋಟೋದಾಗ ಬೀರಣ್ಣನ ಲಿವರ್

ನಗಬ್ಯಾಡ್ರಿ ಡಾಕ್ಟರಬಾಯಾರ... ನಾ ಖರೇನ ಕೇಳಾಕತ್ತೀನಿ! ಸ್ಕ್ಯಾನ್ ಮಾಡಿಸಿದ್ದು ನನ್ನ ತಮ್ಮ ಬೀರಣ್ಣನ ಎದೀದು. ವೈರಸ್ ನ್ಯುಮೋನಿಯಾ ಆಗಿದ್ದೂ ಎದಿಗೆ. ನಡುವ ಈ ಲಿವರ್ ಎಲ್ಲಿಂದ ಬಂತ್ರಿ? ಲಗ್ನದ ಫೋಟೋದಾಗ ಬಾಜೂ ಮನಿಯವ್ರು ಹೊಕ್ಕಂಗ ಆತಲ್ಲ!

ಏನಂದ್ರಿ? ತಳಕ್ಕ ಅದರ ತುದಿನೂ ಕಾಣಸ್ತೈತಿ? ಕಾಣಸ್ಲಿ ಬಿಡ್ರಿ, ಅದರ ಪಾಡಿಗೆ ಅದು. ವೈರಸ್ ಹೊಕ್ಕಿದ್ದು ಫುಪ್ಪುಸಕ್ಕ, ನೀವು ಬೈಯೂದು ಲಿವರಿಗೆ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ!

ಹೂಂ... ಹೂಂ... ಲಿವರಿನ್ಯಾಗ ಕೊಬ್ಬು ಕುಂತವ್ರಿಗೆ ಈ ಜಡ್ಡು ಜೋರ ಆಗೂದು ಹೆಚ್ಚು, ಉಸರಿಗೆ ಮಷೀನು ಬೇಕಾಗೂದೂ ಹೆಚ್ಚು... ಅಲ್ರಿ, ಕೊಬ್ಬಿದ್ರ ಚಲೋ ಅಲ್ಲೇನು? ನಾವು ಕುರಿ ಕಾದ ಮಂದಿ. ಖಾನಾಪುರದ ಮಳಿ ನಿಮಗ ಗೊತ್ತೈತಲ್ಲ? ಮೈಯಾಗ ಕೊಬ್ಬಿದ್ದ ಟಗರು ಮಳಿಗಾಲ ದಾಟತೈತಿ. ಸಣಕಲು ಹೋಗ್ತೈತಿ.

ಮತ್ತ ಯಾಕ ನಗತೀರಿ?

ಕುಡೀತಾನೇನು ಅಂತ ಮಾತ್ರ ಕೇಳಬ್ಯಾಡ್ರಿ! ಕೊಳ್ಳಾಗಿನ ತುಳಸಿ ಮಾಲಿ ನೋಡಿಲ್ಲೇನು? ವರ್ಷಾ ಪಂಢರಪುರಕ್ಕ ನಡಕೋಂತ ಹೋಗಾಂವ. ಸೆರಿ ವಾಸನಿ ಬಂದ್ರ ರಸ್ತಾ ದಾಟತಾನ. ಸಿಹಿ ಅಂದ್ರ ಹಾಲಿನ ಕುಂದಾ ಅಷ್ಟ ರೀ... ದಿನಾ ಪಾವ್ ಕಿಲೋ. ಮಟನ್ ಇಲ್ಲ, ಸೆರಿ ಇಲ್ಲ, ಕುಂದಾನೂ ಬ್ಯಾಡಂದ್ರ ಮಾಲಿ ಹಾಕಿದಾಂವ ಏನು ಗಾಳಿ ತಿನಬೇಕ?

ಕುಡೀಲಾರದವ್ರಿಗೂ ಬರ್ತೈತಿ ಅಂತೀರಿ. ಅದನ್ನ ನಮ್ಮ ಓಣ್ಯಾಗ ಬಂದು ಹೇಳ್ರಿ! ಲಿವರ್ ಅಂದ್ರ ಸಾಕು, ಮಾಲಿ ಹಾಕ್ಕೊಂಡು ಕದ್ದು ಕುಡೀತಾನ ಅಂತಾರ. ಅವನ ಮಗಳು ರೂಪಾಲಿನ್ನ ನೋಡಾಕ ವರನ ಕಡಿಯವ್ರು ಬರೂ ವಾರ ಆಗಿತ್ತು ಬ್ಯಾರೆ... ಹೋಗ್ಲಿ ಬಿಡ್ರಿ, ಅದು ಹಳೇ ಮಾತು. ಮೊದಲ ಯಾವ ತಪಾಸಣಿನೂ ಆಗಿಲ್ಲ. ಬರಕೋರಿ: ಆಗಿಲ್ಲ.

ಗೊತ್ತಿದ್ರ ಜ್ವರ ಬಂದ ದಿನಾನ ಕರಕೊಂಡು ಬರಬೇಕಿತ್ತು? ಐದು ದಿನ ಕಷಾಯ ಕುಡಿಸಿದೆವ್ರಿ... ಎಲ್ಲಾರೂ ಕುಡಸ್ತಾರ! ಅಷ್ಟಕ್ಕೂ ಲಿವರಿನ ಕೊಬ್ಬು ಗ್ರೇಡ್ ಎರಡು ಅಂದ್ರ ಏನ್ ದೊಡ್ಡದ್ರಿ? ಮೂರು ಇದ್ರ ಆ ಮಾತು ಬ್ಯಾರೆ...

ಪೆನ್ನು ಯಾಕ ಕೆಳಗಿಟ್ರಿ?

ನೀವ ಅಂದ್ರಲ್ಲ, ಗ್ರೇಡ್ ಎರಡು ಅಂತ? ...ಅಂದಿಲ್ಲ? ನರ್ಸ್ ಅಂದಿರಬೇಕು. ...ಅಕಿನೂ ಅಂದಿಲ್ಲ?

ಹಂಗ ನೋಡಬ್ಯಾಡ್ರಿ ಬಾಯಾರ.

...ತಗೋರಿ. ಪಾಕೀಟಿನ್ಯಾಗ ಐತಿ. ಎರಡು ವರ್ಷ ಆತು. ಟಿಳಕವಾಡಿ ಲ್ಯಾಬಿನ್ಯಾಗ ಹೊಟ್ಟಿ ಸ್ಕ್ಯಾನ್ ಮಾಡಿಸಿದ್ವಿ, ರಿಪೋರ್ಟ್ ತರಾಕ ನಾನ ಹೋಗಿದ್ದೆ. 'ಅಣ್ಣಾ, ಏನ್ ಬಂತು?' ಅಂದ. 'ಏನೂ ಇಲ್ಲೋ, ಎಲ್ಲಾ ಚಲೋ ಐತಿ' ಅಂದೆ. ಎಷ್ಟ್ ಖುಷಿ ಆದ ಅಂತೀರಿ! ಆ ಖುಷಿಗೆ ಕುಂದಾ ತಂದು ಅವನ ಬಾಯಾಗ ಇಟ್ಟೆ. ನಾನ. ಈ ಕೈಲೆ.

ರೂಪಾಲಿ ಲಗ್ನ ಮುರದೀತಂತ ಮಂದಿ ಬಾಯಿಗೆ ಹೆದರಿದೆ ರೀ. ಅಂವ ಎದ್ದು ಕುಂದರ್ಲಿ, ಓಣಿ ತುಂಬ ನಾನ ಸಾರ್ತೀನಿ, ನನ್ನ ತಮ್ಮನ ಲಿವರಿನ್ಯಾಗ ಕೊಬ್ಬೈತಿ, ಕುಂದಾದ ಕೊಬ್ಬು ಅಂತ!

ಏಳ್ತಾನಲ್ರಿ? ಕೊಬ್ಬಿದ್ದ ಟಗರು ಮಳಿಗಾಲ ದಾಟತೈತಲ್ರಿ... ದಾಟತೈತಲ್ಲ?

ಬಾಯಾರ... ಈಗ ಯಾಕ ನಗವಲ್ರಿ?