ಅವ್ವನ ಹೆಸರಿನ ಹಲ್ಲಿ

...ಇಲ್ಲ ಅನಿಕಾ, ಆ ಇ-ಮೇಲ್ ಕಳಸಬ್ಯಾಡ! ಮೌಸ್ ಮ್ಯಾಲಿಂದ ಕೈ ತಗಿ. ಮೂರಕ್ಕ ಪ್ರೊಫೆಸರ್ ಬರ್ತಾರ, ಅಷ್ಟರೊಳಗ ನನ್ನ ಮಾತು ಕೇಳು. ಕನ್ನಡದಾಗ ಹೇಳ್ತೀನಿ, ಬಾಜೂ ಲ್ಯಾಬಿನವರಿಗೆ ತಿಳಿಯೂದು ಬ್ಯಾಡ. ನಿಮ್ಮಪ್ಪ-ಅಮ್ಮ ಬೆಂಗಳೂರಿನವರು, ನಿನಗ ತಿಳೀತೈತಿ, ನಂಗೊತ್ತು. ನೀ ಬೇಕಾದ್ರ ಇಂಗ್ಲಿಷಿನ್ಯಾಗ ಉತ್ತರ ಕೊಡು. ಕೊಡು ಮತ್ತ!

ಎಕ್ಸ್‌ರೇ ನಾನೂ ನೋಡಿದೆ. ಈಗ, ನಿನ್ನ ಸ್ಕ್ರೀನಿನ್ಯಾಗ. ನನ್ನ ಹಲ್ಲಿ ಬಾಲದಾಗ ಎಲುಬಿಲ್ಲ. ಒಪ್ಪಿದೆ! ಹಲ್ಲಿ ಬಾಲ ಕಳಕೊಂಡ್ರ ಮತ್ತ ಬೆಳೀತೈತಿ, ಆದ್ರ ಒಳಗ ಎಲುಬು ಬರೂದಿಲ್ಲ, ಬರೇ ಮೃದ್ವಸ್ಥಿ. ಮ್ಯಾಲಿನ ಹುರುಪೆನೂ ಬ್ಯಾರೆ ಥರ ಬರ್ತಾವ. ಫಸ್ಟ್ ಇಯರ್ ಹುಡುಗರಿಗೂ ಗೊತ್ತಿರೂ ಮಾತು. ನಾನು... ಅದ ಹುರುಪೆ ಎಣಿಸಿ ‘ಹೊಸ ಪ್ರಭೇದ’ ಅಂತ ಬರದೆ. ಟಾಂಜಾನಿಯಾದ ಗುಡ್ಡದಾಗ ಸಿಕ್ಕ ಒಂದ ಒಂದು ಹಲ್ಲಿ, ಹೆಬ್ಬೆರಳಷ್ಟಿಲ್ಲ... ಯಾಕ ನಗ್ತಿ? ನಗಬ್ಯಾಡ!

ಬ್ಯಾರೆ ಲಕ್ಷಣನೂ ಅದಾವ. ಗಂಟಲದಾಗ ಕರಿ ಪಟ್ಟಿ... ಹೌದು, ಆ ಗುಡ್ಡದ ಹಳೇ ಪ್ರಭೇದಕ್ಕೂ ಐತಿ. ಬಾಲದ ಬುಡದಾಗ ಸಣ್ಣ ರಂಧ್ರ, ಏಳು... ಅದೂ ಐತಿ. ದುಂಡನ ಕಣ್ಣಪಾಪಿ... ಐತಿ, ಐತಿ, ಎಲ್ಲಾ ಐತಿ! ಬಾಲ ಒಂದ ಬ್ಯಾರೆ. ಓತಿಕ್ಯಾತಕ್ಕ ಬೇಲಿಗೂಟ ಸಾಕ್ಷಿ ಅಂತಾರಲ್ಲ, ಹಂಗ ನನ್ನ ಹಲ್ಲಿಗೆ ನಾನ ಸಾಕ್ಷಿ.

ಆದ್ರ ನಮ್ಮವ್ವ... ಲೊಂಬಾರ್ಡ್ ಊರಾಗ ಅಣ್ಣನ ಮನ್ಯಾಗ ಮಲಗ್ಯಾಳ. ಈ ತಿಂಗಳ ದಾಟೂದು ಕಷ್ಟ ಅಂದಾರ ಡಾಕ್ಟರು. ಆ ಹಲ್ಲಿಗೆ ಆಕಿ ಹೆಸರು ಇಟ್ಟೀನಿ, ಜಯದೇವಿ ಅಂತ. ಮೊದಲ ಬೈದಳು: ‘ಜಲಮೆಲ್ಲಾ ಕಸಬರಿಗಿ ತಗೊಂಡು ಓಡಿಸೀನಿ, ಅದಕ್ಕ ನನ್ನ ಹೆಸರೇನೋ ಮೂಳಾ!’ ಆಮ್ಯಾಲ ನೋಡಾಕ ಬಂದವರಿಗೆಲ್ಲ ಅದನ್ನ ಹೇಳೂದು. ಇಂಗ್ಲಿಷ್ ಬರೂದಿಲ್ಲ, ನರ್ಸಿಗೆ ಗ್ವಾಡಿ ತೋರಿಸಿ, ಬೆರಳು ಹರದಾಡಿಸಿ, ಎದಿ ಮುಟ್ಟಿಕೊಂಡು ಹೇಳ್ಯಾಳ.

ನೀ ಆ ಇ-ಮೇಲ್ ಕಳಸಲಿಲ್ಲಂದ್ರ ಸೋಮವಾರ ನನ್ನ ಪೇಪರ್ ಪಬ್ಲಿಷ್ ಆಗ್ತೈತಿ. ಪ್ರಿಂಟ್ ತಗೊಂಡು, ಈ ಆನ್ ಆರ್ಬರ್‌ದಿಂದ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿ, ಆಕಿ ಕೈಯಾಗ ಇಡಬೇಕು. ಅಷ್ಟ! ಆಕಿ ಹ್ವಾದ ಮ್ಯಾಲ ನಾನ ತಿದ್ದುಪಡಿ ಬರೀತೀನಿ. ಬಾಲ ನೋಡಿ ಮೋಸ ಹೋದೆ ಅಂತೀನಿ. ಜನ ನಗಲಿ, ಕೆಲಸ ಹೋಗ್ಲಿ. ಗೊತ್ತಿಲ್ಲದ ಮಾಡಿದ ತಪ್ಪಿಗೆ ಯಾರರ ನೇಣು ಹಾಕ್ತಾರೇನು?

ಯಾಕ ಹಂಗ ನೋಡ್ತಿ?

ಗೊತ್ತಿಲ್ಲದ ಅಂದೆ. ನೀ ಇವತ್ತು ಎಕ್ಸ್‌ರೇ ತಗಿಯೂತನಕ ನಂಗ ಗೊತ್ತಿದ್ದಿಲ್ಲ. ಅವ್ವನ ಆಣಿ... ಏನು? ತಲಿ ಯಾಕ ಅಲ್ಲಾಡಸ್ತಿ? ಇವತ್ತು ತಗದದ್ದಲ್ಲ? ಮತ್ತ... ಹಳೇ ಫೋಲ್ಡರಿನ್ಯಾಗ ಇತ್ತಾ?

ಬೆರಳು ತಗಿ ಅಲ್ಲಿಂದ. ಮೂಲ್ಯಾಗಿನ ತಾರೀಖು ನಂಗೂ ಓದಾಕ ಬರತೈತಿ. ಕೆಳಗಿನ ನನ್ನ ಹೆಸರೂ. ಸಂಗಮೇಶ್.

ಅನಿಕಾ... ಒಂದು ಮಾತಾಡವಾ. ಬೈಯಿ. ಚೀರು. ನಿನಗ ಕೈ ಮುಗೀತೀನಿ.

ಹೋದ ಮಾರ್ಚಿನ್ಯಾಗ ತಗದೆ. ಪೇಪರ್ ಕಳಸೂ ಒಂದು ವಾರ ಮೊದಲ. ಬಾಲದಾಗ ಎಲುಬಿಲ್ಲದ್ದು ನೋಡಿದೆ. ಆಗಿಂದಾಗ ಅವ್ವಗ ಫೋನ್ ಹಚ್ಚಿದೆ, ಇಲ್ಲವ್ವಾ, ನಿನ್ನ ಹೆಸರು ಇಡಾಕ ಆಗೂದಿಲ್ಲ ಅಂತ ಹೇಳಾಕ... ಖರೇನ ಹೇಳಾಕ ಹಚ್ಚಿದ್ದೆ! ಆಕಿ ಹಲೋನೂ ಅನ್ನಲಿಲ್ಲ. ‘ನನ್ನ ಹಲ್ಲಿ ಹೆಂಗೈತೋ?’ ಅಂದಳು.

‘ಆರಾಮ ಐತವ್ವಾ’ ಅಂದೆ.