ಫ್ಯೂಸಿಗೆ ಸುತ್ತಿದ ದಪ್ಪ ತಂತಿ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬಿಗೆಂದು ನಿಂತಿದ್ದ ಟೀಚರಮ್ಮನ ಮುಂದೆಯೇ, ಹೊಸ ವೈರು ಕೊಳ್ಳಲು ಬಂದಿದ್ದ ಅಕ್ಕ ತಮ್ಮ ಇಬ್ಬರು ಪಿಸುಗುಟ್ಟುತ್ತಿದ್ದರು. ಬೇಡವೆಂದರೂ ಅವಳ ಕಿವಿ ಅತ್ತಲೇ ಹೋಯಿತು.

“ಗೋಡೆ ಒಳಗೆ ವೈರು ಸುಟ್ಟಿದ್ದು ಅಮ್ಮನ ಇಸ್ತ್ರಿಪೆಟ್ಟಿಗೆಯಿಂದ ಅಲ್ಲ ಕಣಕ್ಕಾ.”

“ಮತ್ತೆ?”

“ನಾನು ಕೋಣೇಲಿ ಬೆಳೆಸೋ ಸಸಿಗಳ ಲೈಟಿಂದ. ಹಳೇ ವೈರಿಂಗು, ಫ್ಯೂಸ್ ಹೋಗ್ತಾನೇ ಇತ್ತು. ಹೋಗದಿರಲಿ ಅಂತ ಅದಕ್ಕೆ ದಪ್ಪ ತಂತಿ ಸುತ್ತಿಬಿಟ್ಟೆ. ಫ್ಯೂಸಿನ ಬದಲು ವೈರೇ ಸುಟ್ಟೋಯ್ತು.”

“ಎಲ್ಲರೂ ಅಮ್ಮನ್ನ ಬೈವಾಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಇಲ್ಲ. ನಾನೂ ಬೈದೆ.”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. “ಹೇಳಮ್ಮಾ... ಹೂಂ...” ಎಂದವನು ತಲೆ ತಗ್ಗಿಸಿದ.

“ಏನಂತೆ?”

“ಲೈಟಿಲ್ಲದೆ ಸಸಿ ಬಾಡ್ತಿದ್ವಂತೆ. ಅಮ್ಮ ಟ್ರೇಗಳನ್ನೆಲ್ಲಾ ಹೊತ್ಕೊಂಡ್ಹೋಗಿ ಬಿಸಿಲಿಗೆ ಇಟ್ಟಿದ್ದಾಳೆ. ‘ನನ್ನಿಂದ ಹೀಗಾಯ್ತಲ್ಲ ಮಗಾ’ ಅಂದ್ಲು.”

“ವೈರು ಆಮೇಲೆ. ಮೊದಲು ಮನೆಗೆ ನಡಿ,” ಎಂದ ಅಕ್ಕ ಅವನ ತೋಳು ಹಿಡಿದು ಎಳೆದುಕೊಂಡೇ ಹೋದಳು.