ಅರವತ್ತನಾಲ್ಕು ಗಿರಾಕಿಗಳ ಅಳತೆ ಹೊರಬಿದ್ದ ಪ್ರಕರಣ

ಹೆಸರು: ಬೀದಿಯಲ್ಲಿ ಎಲ್ಲರೂ ಕರೆಯುವಂತೆ ‘ಕರಪತ್ರ’. ವಯಸ್ಸು: 22. ಉದ್ಯೋಗ: ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು. ವಾಸ: ಅದೇ ಅಂಗಡಿಯ ಮೇಲಿನ ಕೋಣೆ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನಮ್ಮ ಅಂಗಡಿಯಲ್ಲಿ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇಲ್ಲ. ಚಿಕ್ಕಮ್ಮ ಟೇಪು ಹಿಡಿದು ಅಳತೆ ತೆಗೆಯುತ್ತಾರೆ. ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ ಅದನ್ನು ತಮ್ಮ ಫೋನಿನಲ್ಲಿ ಮಾತಾಡಿ ಇಡುತ್ತಾರೆ. ನಾನು ಅದನ್ನು ಕೇಳಿಕೊಂಡು ಕತ್ತರಿ ಹಾಕುತ್ತೇನೆ. ಟೇಪಿನ ಮುಂದೆ ಗಿರಾಕಿಗಳು ಸತ್ಯವಂತರಾಗಿ ನಿಲ್ಲುವುದಿಲ್ಲವಾದ್ದರಿಂದ ಅಳತೆಯ ಜೊತೆಗೆ ಚಿಕ್ಕಮ್ಮನ ಅಭಿಪ್ರಾಯವೂ ಇರುತ್ತದೆ. ಉದಾಹರಣೆಗೆ, ಶಾಲೆಯ ಮುಖ್ಯೋಪಾಧ್ಯಾಯಿನಿಯವರದು: “ಸೊಂಟ ಮೂವತ್ತಾರು ಅಂತಾರೆ, ಉಸಿರು ಹಿಡ್ಕೊಂಡು ನಿಂತಿದ್ರು. ನಲವತ್ತು ಇಡು. ಕೇಳಿದ್ರೆ ಬಟ್ಟೆ ದಪ್ಪ ಅನ್ನು.” ಇಂತಹ ಅರವತ್ತನಾಲ್ಕು ಮಾತಿನ ತುಣುಕುಗಳು ಆ ಫೋನಿನಲ್ಲಿದ್ದವು.

ಸೋಮವಾರ ಬೆಳಿಗ್ಗೆ 11.10ಕ್ಕೆ ಫೋನಿನ ಪರದೆಯ ಮೇಲೆ ‘ನಿಮ್ಮ ಫೋನಿನಲ್ಲಿ ಏಳು ವೈರಸ್ ಇವೆ’ ಎಂಬ ಜಾಹೀರಾತು ಕಾಣಿಸಿಕೊಂಡಿತು. ಚಿಕ್ಕಮ್ಮ ಗಾಬರಿಯಾಗಿ, ಹನ್ನೊಂದು ಹೆಜ್ಜೆ ದೂರದಲ್ಲಿ ಎದುರಿಗೇ ಇರುವ ಫೋನ್ ರಿಪೇರಿ ಅಂಗಡಿಗೆ ಹೋದರು. ಅದನ್ನು ನಡೆಸುವವರನ್ನು ನಾವು ರಿಪೇರಿ ಅಣ್ಣ ಎನ್ನುತ್ತೇವೆ. ಅವರು ಒಂದಲ್ಲ, ಎರಡು ಆಂಟಿವೈರಸ್ ಆಪ್ ಹಾಕಿಕೊಟ್ಟರು. ಎರಡೂ ಒಂದನ್ನೊಂದು ಅನುಮಾನಿಸತೊಡಗಿದವು. ಫೋನು ಎಮ್ಮೆಯಂತೆ ನಿಧಾನವಾಯಿತು.

ಈ ವಿಷಯದಲ್ಲಿ ನಾನು ಹನ್ನೊಂದು ಕಿರುಹೊತ್ತಿಗೆಗಳನ್ನು ಓದಿದ್ದೇನೆ, ಒಂದನ್ನು ಬರೆದು ಹಂಚಿದ್ದೇನೆ. ಅಪ್‌ಡೇಟ್ ಬಂದಾಗ ಹಾಕಿಕೊಂಡು, ಪರದೆಗೆ ಬೀಗವಿಟ್ಟು, ಕಂಪನಿಯ ಸ್ಟೋರ್ ಬಿಟ್ಟು ಬೇರೆಡೆಯಿಂದ ಆಪ್ ತರದೆ, ಗೊತ್ತಿಲ್ಲದ ಲಿಂಕ್ ಒತ್ತದೆ ಇರುವವನ ಫೋನಿಗೆ ಬೇರೆ ಆಂಟಿವೈರಸ್ ಬೇಕಿಲ್ಲ ಎಂಬುದು ನನ್ನ ನಿಲುವು. ಟಾರ್ಚ್ ಹಚ್ಚುವ ಆಪು ನಮ್ಮ ನೆಂಟರ ನಂಬರು ಕೇಳಿದರೆ ‘ನಿನಗೇಕೆ’ ಎಂದು ಕೇಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. (ಉಳಿದ ನಾಲ್ಕು ಕರ್ತವ್ಯಗಳು ಪ್ರಕರಣಕ್ಕೆ ಸಂಬಂಧಿಸಿಲ್ಲವೆಂದು ಮುಖ್ಯಪೇದೆಯವರು ಬರೆದುಕೊಳ್ಳಲಿಲ್ಲ.)

ಅದೇ ದಿನ ಮಧ್ಯಾಹ್ನ 12ಕ್ಕೆ ನಾನು ರಿಪೇರಿ ಅಣ್ಣನವರ ಬಾಗಿಲಲ್ಲಿ ನಿಂತು ಈ ನಿಲುವನ್ನು ತಿಳಿಸಿದೆ. ಅವರು ತಲೆಯೆತ್ತದೆ, “ತಮ್ಮಾ, ಬೀಗ ಹಾಕಿದ ಮನೇಲೂ ನಾಯಿ ಸಾಕಲ್ವಾ?” ಎಂದರು. “ಸಾಕ್ತಾರೆ ಅಣ್ಣ, ಆದ್ರೆ ಬೀರು ಕೀಲಿ ನಾಯಿ ಕೈಗೆ ಕೊಡಲ್ಲ. ನಿಮ್ಮ ಆಪು ಮೈಕು, ನಂಬರು, ಫೋಟೋ ಎಲ್ಲಾ ಕೇಳಿದೆ” ಎಂದೆ. “ಸರಿ ಬಿಡು, ಕಾಲರ್ ಸೊಟ್ಟ ಆಗದ ಹಾಗೆ ಕತ್ತರಿಸೋದು ಕಲಿ ಮೊದಲು” ಎಂದರು. ಅಲ್ಲಿದ್ದ ಇಬ್ಬರು ನಕ್ಕರು. ಇದು ನನ್ನ ಮನಸ್ಸಿನಲ್ಲಿ ಉಳಿಯಿತು ಎಂಬುದನ್ನು ಮರೆಮಾಚುವುದಿಲ್ಲ.

ಬುಧವಾರ ಮಧ್ಯಾಹ್ನ 3.15ಕ್ಕೆ ಚಿಕ್ಕಮ್ಮ ಗುಂಡಿ ತರಲು ನಾನೂರು ಮೀಟರು ದೂರದ ಅಂಗಡಿಗೆ ಹೋದರು. ಫೋನು ಇಸ್ತ್ರಿ ಮೇಜಿನ ಮೇಲೆ ಚಾರ್ಜಿಗಿತ್ತು. ಬೀಗ ತೆಗೆಯುವುದು ನನಗೆ ಗೊತ್ತಿತ್ತು. ಆಪ್‌ಗಳ ಬೇರನ್ನೇ ಕೀಳಲು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡುವುದೆಂದು ತೀರ್ಮಾನಿಸಿದೆ. ಅದಕ್ಕೆ ಮುಂಚೆ ಅಳತೆಗಳನ್ನು ನನ್ನ ಫೋನಿಗೆ ಕಳಿಸಿಕೊಳ್ಳಬೇಕಿತ್ತು. ಒಮ್ಮೆಗೆ ಮೂವತ್ತರಂತೆ, 3.22ಕ್ಕೆ, 3.24ಕ್ಕೆ ಮತ್ತು ಉಳಿದ ನಾಲ್ಕನ್ನು 3.27ಕ್ಕೆ, ಕತ್ತರಿಯ ಚಿತ್ರವಿರುವ ಹೆಸರನ್ನು ಒತ್ತಿ ಕಳಿಸಿದೆ. ನನ್ನ ಹೆಸರಿಗೆ ನಾನು ಇಟ್ಟುಕೊಂಡಿರುವ ಚಿತ್ರ ಕತ್ತರಿ. ಆ ಹೊತ್ತಿನಲ್ಲಿ ನಮ್ಮ ಅಂಗಡಿಯಲ್ಲೇ ಕುಳಿತು ಗುಂಡಿಗೆ ಕಾಜಾ ಹಾಕುವ ಅಜ್ಜನಿಗೆ ಖಾಸಗಿ ಮಾಹಿತಿಯ ಪಾವಿತ್ರ್ಯವನ್ನು ವಿವರಿಸುತ್ತಿದ್ದುದರಿಂದ ಹೆಸರನ್ನು ಓದಲಿಲ್ಲ. 3.30ಕ್ಕೆ ಫೋನನ್ನು ಅಳಿಸಿದೆ. ನನ್ನ ಫೋನು ಎಂದಿನಂತೆ ಆಫ್ ಆಗಿ ಸೂಜಿಯ ಡಬ್ಬಿಯಲ್ಲಿತ್ತು. ಚಿಕ್ಕಮ್ಮ ಬಂದ ಮೇಲೆ, ಆಪ್‌ಗಳು ತೊಲಗಿದವು, ಅಳತೆಗಳೆಲ್ಲ ನನ್ನ ಹತ್ತಿರ ಭದ್ರವಾಗಿವೆ ಎಂದು ಹೇಳಿದೆ. “ಕೇಳದೆ ಮುಟ್ಟಿದೆ ನೋಡು” ಎಂದಷ್ಟೇ ಬೈದರು.

4.05ಕ್ಕೆ ಮುಖ್ಯೋಪಾಧ್ಯಾಯಿನಿಯವರು ಬಂದರು. ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಚಿಕ್ಕಮ್ಮನ ಧ್ವನಿಯಲ್ಲೇ ತಮ್ಮ ಸೊಂಟದ ವಿಚಾರವನ್ನು ಎರಡು ಸಲ ಕೇಳಿಸಿದರು. “ಅಕ್ಕಾ, ಇಷ್ಟು ವರ್ಷದ ವಿಶ್ವಾಸಕ್ಕೆ ಇದಾ?” ಎಂದರು. 4.20ಕ್ಕೆ ವಕೀಲರು ಬಂದರು. ಅವರದರಲ್ಲಿ “ಎದೆ ಮೂವತ್ತೆಂಟು, ಜಂಬಕ್ಕೆ ಎರಡಿಂಚು ಸೇರಿಸು” ಎಂದಿತ್ತು. 5.30ರೊಳಗೆ ಒಂಬತ್ತು ಮಂದಿ ಬಂದರು. ನಾಲ್ವರು ಕತ್ತರಿಸದ ಬಟ್ಟೆಯನ್ನು ವಾಪಸು ಒಯ್ದರು. ಈ ಠಾಣೆಯ ಅಧಿಕಾರಿಯವರ ಅಳತೆಯೂ ಹೊರಬಿದ್ದವುಗಳಲ್ಲಿ ಒಂದು. ಅದರ ವಿವರ ಬೇಡವೆಂದು ಸೂಚಿಸಿದ್ದರಿಂದ ಹೇಳಿಲ್ಲ.

ಅಳತೆಗಳು ಚಿಕ್ಕಮ್ಮನ ಫೋನಿನಿಂದ, ಗಿರಾಕಿಗಳೆಲ್ಲ ಇರುವ ಅಂಗಡಿಯ ಮೆಸೇಜ್ ಗುಂಪಿಗೆ ಹೋಗಿದ್ದವು. ಚಿಕ್ಕಮ್ಮ ಕುರ್ಚಿಯಲ್ಲಿ ಕುಳಿತು, “ನಾನು ಕಳಿಸಿಲ್ಲ, ನನಗೆ ಕಳಿಸೋಕೂ ಬರಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆಗ, 5.40ಕ್ಕೆ, ನಾನು ಸ್ಟೂಲಿನ ಮೇಲೆ ಹತ್ತಿ, ಇದು ರಿಪೇರಿ ಅಣ್ಣನ ಆಪ್‌ಗಳ ಕೆಲಸ, ತೆಗೆಯುವಾಗ ಅವು ಸೇಡು ತೀರಿಸಿಕೊಂಡಿವೆ ಎಂದು ಹನ್ನೊಂದು ನಿಮಿಷ ಮಾತಾಡಿದೆ. ನಾನದನ್ನು ನಂಬಿದ್ದೆ. ಜನ ರಸ್ತೆ ದಾಟಿದರು. 6.20ಕ್ಕೆ ರಿಪೇರಿ ಅಣ್ಣನ ಮೇಲೆ ಚಿಕ್ಕಮ್ಮನ ಹೆಸರಿನಲ್ಲಿ ದೂರು ದಾಖಲಾಯಿತು. ಸೋಂಕು ತಗುಲಿದ ಗುಂಪನ್ನು ತೆರೆಯಬಾರದೆಂದು ನನ್ನ ಕಿರುಹೊತ್ತಿಗೆಯಲ್ಲಿ ನಾನೇ ಬರೆದಿದ್ದರಿಂದ ನನ್ನ ಫೋನು ಡಬ್ಬಿಯಲ್ಲೇ ಉಳಿಯಿತು.

ಇಂದು ಗುರುವಾರ ಬೆಳಿಗ್ಗೆ 10ಕ್ಕೆ ರಿಪೇರಿ ಅಣ್ಣನವರನ್ನು ಠಾಣೆಗೆ ಕರೆತಂದರು. ಅವರ ಕಂಪ್ಯೂಟರನ್ನೂ ರಿಪೇರಿಗೆ ಬಂದಿದ್ದ ಹತ್ತೊಂಬತ್ತು ಫೋನುಗಳನ್ನೂ ಚೀಲದಲ್ಲಿ ತುಂಬಿದರು. ಅಂಗಡಿಯ ಬಾಗಿಲು ಹಾಕಿದರು.

ಮಧ್ಯಾಹ್ನ 1ಕ್ಕೆ ಅವರ ತಾಯಿ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಮಗನ ಊಟದ ಡಬ್ಬಿ ಇತ್ತು. ಠಾಣೆಯಲ್ಲಿ ಕಾಯಬೇಕೆಂದಿದ್ದಾರೆ, ಅಷ್ಟರಲ್ಲಿ ಇಲ್ಲಿಗೆ ಬಂದೆ ಎಂದರು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. “ಓದ್ಕೊಂಡವನು ನೀನು. ಅವನು ಏನು ಮಾಡಿದ್ದಾನೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳಪ್ಪ” ಎಂದರು.

ತೋರಿಸಿ ಹೇಳುವುದೇ ಲೇಸೆಂದು ನನ್ನ ಫೋನನ್ನು ಆನ್ ಮಾಡಿದೆ. ನನಗೆ ನಾನೇ ಕಳಿಸಿಕೊಂಡ ಅರವತ್ತನಾಲ್ಕು ಅಳತೆಗಳಲ್ಲಿ ಒಂದೂ ಬಂದಿರಲಿಲ್ಲ. ಅಂಗಡಿಯ ಗುಂಪನ್ನು ತೆರೆದೆ. 3.22ಕ್ಕೆ ಮೂವತ್ತು, 3.24ಕ್ಕೆ ಮೂವತ್ತು, 3.27ಕ್ಕೆ ನಾಲ್ಕು. ಗುಂಪಿನ ಚಿತ್ರವೂ ಕತ್ತರಿ. ಅದನ್ನು ಇಟ್ಟವನು ನಾನೇ, ಗುಂಪು ಮಾಡಿಕೊಟ್ಟವನೂ ನಾನೇ.

ಗುಂಪನ್ನು ಮುಚ್ಚಿ ಮತ್ತೊಮ್ಮೆ ತೆರೆದೆ. ತಾಯಿಯವರು ಪರದೆಯತ್ತ ಬಗ್ಗಿ, “ಏನಪ್ಪ, ನಿನಗೇ ಅರ್ಥ ಆಗ್ತಿಲ್ವಾ?” ಎಂದರು. ಅರ್ಥವಾಯಿತು ಎಂದೆ.

ಅವರು ಹೋದ ಮೇಲೆ, 1.40ಕ್ಕೆ, ಚಿಕ್ಕಮ್ಮನಿಗೆ ಹೇಳಿದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, “ಬಾಯಿ ಬಿಡ್ಬೇಡ. ಅವನು ನಾಳೆಯೋ ನಾಡಿದ್ದೋ ಹೊರಗೆ ಬರ್ತಾನೆ. ವೈರಸ್ ಅಂದ್ರೆ ಜನ ಮರೀತಾರೆ. ನಮ್ಮ ಮನೆ ಹುಡುಗ ಅಂದ್ರೆ ಒಬ್ಬರೂ ಈ ಮೆಟ್ಟಿಲು ಹತ್ತಲ್ಲ” ಎಂದರು. “ಆ ತಾಯಿ ಡಬ್ಬಿ ಹಿಡ್ಕೊಂಡು ಬಂದಿದ್ರು ಚಿಕ್ಕಮ್ಮ” ಎಂದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ನಾನು 2ಕ್ಕೆ ಹೊರಟು ಒಂಬೈನೂರು ಮೀಟರು ನಡೆದೆ. ಠಾಣೆಯ ಗೇಟಿನಲ್ಲಿ ತಿರುಗಿ ನೋಡಿದಾಗ, ಚಿಕ್ಕಮ್ಮ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಕೊರಳಲ್ಲಿ ಟೇಪು ಹಾಗೇ ಇತ್ತು.

ಆದ್ದರಿಂದ ಫೋನಿನಲ್ಲಿ ವೈರಸ್ ಇರಲಿಲ್ಲ, ರಿಪೇರಿ ಅಣ್ಣನವರದು ತಪ್ಪಿಲ್ಲ, ಅಳತೆಗಳನ್ನು ಹೊರಹಾಕಿದವನು ನಾನು. ನನ್ನನ್ನು ತಡೆಯುವ ಆಂಟಿವೈರಸ್ ಯಾವುದೂ ಇರಲಿಲ್ಲ. ಇದನ್ನು ಬೆಂಚಿನ ಮೇಲಿದ್ದ ರಿಪೇರಿ ಅಣ್ಣನವರ ಎದುರಿಗೇ ಹೇಳಿದೆ. ಅವರು, “ಆ ಎರಡು ಆಪು ನಾನು ಹಾಕಿದ್ದು ನಿಮ್ಮ ಚಿಕ್ಕಮ್ಮ ನಡುಗ್ತಿದ್ರು ಅಂತ. ಅವರ ಧೈರ್ಯಕ್ಕೆ. ಫೋನಿಗೇನೂ ಬೇಕಿರಲಿಲ್ಲ” ಎಂದರು. ನನ್ನ ನಿಲುವನ್ನು ಅವರು ಒಪ್ಪಿದಂತಾಯಿತೆಂದು ದಾಖಲಿಸಲು ಕೋರಿದೆ. ಮುಖ್ಯಪೇದೆಯವರು ಪೆನ್ನು ಕೆಳಗಿಟ್ಟರು. ಕೋರಿಕೆಯನ್ನು ಹಿಂತೆಗೆದುಕೊಂಡೆ.

3.10ಕ್ಕೆ ಚಿಕ್ಕಮ್ಮ ದೂರನ್ನು ವಾಪಸು ಪಡೆದರು. ರಿಪೇರಿ ಅಣ್ಣನವರು ಹತ್ತೊಂಬತ್ತು ಫೋನುಗಳನ್ನು ಎಣಿಸಿಕೊಂಡು, ತಾಯಿಯ ಜೊತೆ ಅದೇ ಬೆಂಚಿನ ಮೇಲೆ ಕುಳಿತು ಊಟ ಮಾಡಿದರು. ಚಿಕ್ಕಮ್ಮ ನನ್ನ ಬಳಿ ಬಂದು, “ಸಹಿ ಹಾಕಿ ಬೇಗ ಬಾ. ಅರವತ್ತನಾಲ್ಕು ಮನೆ ಇದೆ. ಬಾಗಿಲಲ್ಲಿ ನಾನೂ ನಿಂತಿರ್ತೀನಿ. ‘ಕಳಿಸಿದ್ದು ನಾನು, ತಪ್ಪಾಯ್ತು’ ಅಂತ ನೀನು ಹೇಳ್ಬೇಕು. ಅಷ್ಟೇ. ಅದರ ಮೇಲೆ ಒಂದು ಮಾತು ಆಡಿದ್ರೂ ನಾನು ಅಲ್ಲಿಂದಲೇ ವಾಪಸು” ಎಂದರು. ಒಪ್ಪಿದ್ದೇನೆ.

ಇದನ್ನು ಓದಿಸಿ ಕೇಳಿದ್ದೇನೆ. ನಾನು ಆಡಿದ ಮಾತುಗಳಿಗಿಂತ ಕಡಿಮೆ ಇದೆ, ಆದರೆ ಇರುವುದೆಲ್ಲ ನಿಜ. ಹೇಳೆಂದು ಯಾರೂ ಒತ್ತಾಯಿಸಿಲ್ಲ, ಒತ್ತಾಯವಿದ್ದದ್ದು ಹೇಳಬೇಡವೆಂದು.

ಸ್ಥಳ: ಠಾಣೆಯ ಬರಹದ ಮೇಜು
ದಿನಾಂಕ: 14, ಗುರುವಾರ, ಮಧ್ಯಾಹ್ನ 3.50
ಸಹಿ: (ಹಾಕಿದೆ. ಚಿಕ್ಕಮ್ಮ ಗೇಟಿನಲ್ಲಿ ಕಾಯುತ್ತಿದ್ದಾರೆ.)